ಭಾವ ಕಳಿಸಿದ ಎಳ್ಳುನೀರು

2010ರ ದಶಕದ ನಡುವಿನ ಮಾತು. ಅಕ್ಕನ ಮಗಳು ಪರ್ತ್‌ನಲ್ಲಿದ್ದ ಅಪ್ಪನ ಮನೆ ಬಿಟ್ಟು, ಓದಲು ಅಡಿಲೇಡ್‌ಗೆ ಬಂದು ನನ್ನ ಜೊತೆ ಉಳಿದಳು. ಭಾವನಿಗೆ ಇಷ್ಟವಿರಲಿಲ್ಲ, ಅವಳೇ ಹಟ ಹಿಡಿದಳು. ಬೆಡ್‌ಫರ್ಡ್ ಪಾರ್ಕ್‌ನ ಯೂನಿವರ್ಸಿಟಿಯಲ್ಲಿ ಅವಳದು ನಾಟಕದ ಓದು. ಪಕ್ಕದ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಹಿಂದಿನಿಂದ ನೋಡಿದರೆ ಅವಳು ಥೇಟ್ ಅಕ್ಕ. ಒಲೆಯ ಮುಂದೆ ನಿಂತಿದ್ದರೆ ನಾನೇ ಹೋಗಿ ಅವಳನ್ನು ಪಕ್ಕಕ್ಕೆ ಸರಿಸುತ್ತಿದ್ದೆ.

ಅವಳಿನ್ನೂ ಎರಡು ವರ್ಷದ ಮಗುವಾಗಿದ್ದಾಗ ಅಕ್ಕ ಮೈಸೂರಿನಲ್ಲಿ ಸುಟ್ಟು ಸತ್ತಳು. ಸ್ಟವ್ ಸಿಡಿಯಿತು ಎಂದರು ಭಾವ. ಮನೆಯಲ್ಲಿ ಗ್ಯಾಸ್ ಇತ್ತು. ಸೀಮೆಎಣ್ಣೆ ಸ್ಟವ್ ಅಟ್ಟ ಸೇರಿ ಎಷ್ಟೋ ಕಾಲವಾಗಿತ್ತು. ಅದನ್ನೇ ಕೋರ್ಟಿನಲ್ಲಿ ಹೇಳಿದೆ. ಸಾಕ್ಷಿ ಸಾಲದೆಂದು ಕೇಸು ಬಿದ್ದುಹೋಯಿತು. ಭಾವ ಮಗಳನ್ನು ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಹೊರಟುಬಿಟ್ಟರು. ಆ ಮಗು ಇರುವ ದೇಶವೆಂದೇ ನಾನೂ ಇಲ್ಲಿಗೆ ಬಂದೆ.

ಆಸ್ಪತ್ರೆಯಲ್ಲಿ ಅಕ್ಕ ಕೊನೆಯವರೆಗೂ ನೀರು, ನೀರು ಎನ್ನುತ್ತಿದ್ದಳು. ಕೊಡಬೇಡಿ ಎಂದಿದ್ದರು ಡಾಕ್ಟರು. ಆ ದನಿ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಹುಡುಗಿಗೆ ಮಾತ್ರ, ಅಮ್ಮ ಜ್ವರ ಬಂದು ಹೋದಳೆಂದು ಅಪ್ಪ ಹೇಳಿದ್ದರು. ಅಪ್ಪನನ್ನೂ ಕಿತ್ತುಕೊಂಡರೆ ಅವಳಿಗೆ ಉಳಿಯುವುದಾದರೂ ಯಾರು ಎಂದು ನಾನು ಬಾಯಿ ಹೊಲಿದುಕೊಂಡಿದ್ದೆ.

ಆ ವರ್ಷ ಹುಡುಗಿಯ ಕ್ಲಾಸಿನವರು ಹಳೆಯ ಗ್ರೀಕ್ ದುರಂತ ನಾಟಕವೊಂದನ್ನು ಎತ್ತಿಕೊಂಡರು. ರಾಣಿ ಗಂಡನನ್ನು ಕೊಂದಿದ್ದಾಳೆ. ಕೆಟ್ಟ ಕನಸು ಬೀಳತೊಡಗಿದ ಮೇಲೆ, ಅವನ ಗೋರಿಗೆ ಹುಯ್ಯಲು ಮಗಳ ಕೈಯಲ್ಲಿ ತರ್ಪಣ ಕಳಿಸುತ್ತಾಳೆ. ಆ ಮಗಳ ಪಾತ್ರ ಇವಳದು. ಹಿತ್ತಲ ನಿಂಬೆಗಿಡದ ಹತ್ತಿರ ನನ್ನ ತಂಬಿಗೆ ಹಿಡಿದು ಪ್ರಾಕ್ಟೀಸ್ ಮಾಡುತ್ತಿದ್ದಳು. ಅಪ್ಪನ ಸಾವಿಗೆ ಮಗ ಸೇಡು ತೀರಿಸಿಕೊಳ್ಳುತ್ತಾನಂತೆ. ಅಮ್ಮನನ್ನು ಕೊಂದ ಅವನು ಆಮೇಲೆ ವಿಚಾರಣೆಯಲ್ಲಿ ಪಾರಾಗುತ್ತಾನಂತೆ. ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಆ ಕಾಲದಲ್ಲೂ ಹೆಂಗಸಿನ ರಕ್ತ ಅಗ್ಗವೇ!

ಅಕ್ಕನ ತಿಥಿಯ ಹಿಂದಿನ ದಿನ ಭಾವನ ಫೋನ್ ಬಂತು. ಪ್ರತಿವರ್ಷ ತಪ್ಪದೆ ತಾವೇ ತಿಥಿ ಮಾಡುತ್ತಿದ್ದ ಮಹಾನುಭಾವರು, ಈ ಸಲ ಆಫೀಸಿನ ಕೆಲಸದ ಮೇಲೆ ಬ್ರಿಸ್ಬೇನ್‌ಗೆ ಹೋಗಿದ್ದರು. ಹುಡುಗಿ ಸ್ಪೀಕರ್ ಹಾಕಿದಳು.

"ಪುಟ್ಟಿ, ನಾಳೆ ಅಮ್ಮಂಗೆ ನನ್ನ ಹೆಸರಲ್ಲಿ ಎಳ್ಳುನೀರು ಬಿಟ್ಬಿಡು. ಹೆಣ್ಮಕ್ಕಳು ಬಿಡಬಾರ್ದು ಅಂತಾರೆ, ಪರವಾಗಿಲ್ಲ. ದಿನಾ ಕನಸಲ್ಲಿ ಬರ್ತಾಳೆ ಕಣೇ. ನೀರು ಕೇಳ್ತಾಳೆ."

ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿದ್ದದ್ದನ್ನು ಹುಡುಗಿ ಗಮನಿಸಿದಳು. ಅಕ್ಕ ನೀರು ಕೇಳಿದಾಗ ಭಾವ ಅಲ್ಲಿರಲೇ ಇಲ್ಲ. ನಾನಂತೂ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಮರುದಿನ ಬೆಳಿಗ್ಗೆ ಹುಡುಗಿ ಅದೇ ತಂಬಿಗೆಯಲ್ಲಿ ನೀರು ತುಂಬಿ, ಎಳ್ಳು ಹಾಕಿಕೊಂಡು ನಿಂಬೆಗಿಡದ ಬುಡಕ್ಕೆ ಹೋದಳು. ಹುಯ್ಯಲಿಲ್ಲ. ತಿರುಗಿ ನನ್ನನ್ನೇ ನೋಡಿದಳು.

"ಚಿಕ್ಕಮ್ಮ, ಟೆಲ್ ಮಿ ದ ಟ್ರುತ್. ವಾಟ್ ಹ್ಯಾಪನ್ಡ್ ಟು ಅಮ್ಮ?"

ಹೇಳಿದೆ. ಸ್ಟವ್, ಅಟ್ಟ, ಕೋರ್ಟು, ನೀರು, ಎಲ್ಲವನ್ನೂ. ನಾನು ಕಣ್ಣಾರೆ ಏನನ್ನೂ ಕಂಡಿಲ್ಲ ಎಂಬುದನ್ನೂ ಹೇಳಿದೆ. ಇಷ್ಟು ವರ್ಷ ಆ ಮನುಷ್ಯನಿಗೆ ಶಾಪ ಹಾಕಿದವಳಿಗೆ, ಹೇಳಿ ಮುಗಿಸಿದಾಗ ಸಮಾಧಾನವೇನೂ ಆಗಲಿಲ್ಲ. ಅವಳ ಮುಖ ನೋಡಿ ಭಯವಾಯಿತು.

ಅವಳು ಅಳಲಿಲ್ಲ. ಎಳ್ಳುನೀರನ್ನು ಒಳಗೆ ಒಯ್ದು ಸಿಂಕಿಗೆ ಚೆಲ್ಲಿದಳು. ತಂಬಿಗೆ ತೊಳೆದು, ನಲ್ಲಿಯಿಂದ ಬರೀ ನೀರು ಹಿಡಿದು ತಂದು, ಗಿಡದ ಬುಡಕ್ಕೆ ನಿಧಾನವಾಗಿ ಹುಯ್ದಳು. "ಅಮ್ಮ, ದಿಸ್ ಈಸ್ ಫ್ರಮ್ ಮಿ" ಎಂದಳು.

ಅಷ್ಟರಲ್ಲಿ ಫೋನ್ ಬಂತು. "ಆಯ್ತೇನಮ್ಮ?" ಎಂದರು ಭಾವ.

ಅಪ್ಪನಿಗೆ ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ಹುಡುಗಿ ಅವತ್ತು ಕನ್ನಡದಲ್ಲಿ ಹೇಳಿದಳು:

"ನಿಮ್ಮ ನೀರು ಅಮ್ಮಂಗೆ ಬೇಡ್ವಂತೆ, ಅಪ್ಪ."