ಆಷಾಢದಲ್ಲಿ ಬಂದ ಬಿಳಿ ಕಾರು

೨೦೦೮ರ ಜುಲೈ ೩೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ಜಯನಗರದ ನಮ್ಮ ಮನೆಯ ಗೇಟಿನ ಬಳಿ ಇದ್ದವರು ನಾನು, ನನ್ನ ಹೆಂಡತಿ, ಮತ್ತು ಶೋರೂಮಿನಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಸೇಲ್ಸ್‌ಮನ್. ಗೇಟಿನ ಆಚೆ, ಕರೆಂಟಿನಲ್ಲಿ ಓಡುವ ಪುಟ್ಟ ಬಿಳಿ ಕಾರು.

ಮಂಡಿನೋವು ಬಂದ ಮೇಲೆ ಹೆಂಡತಿ ಸ್ಕೂಟರ್ ಹತ್ತುವುದನ್ನು ಬಿಟ್ಟಿದ್ದಳು. ನಾಲ್ಕನೇ ಬ್ಲಾಕಿಗೆ ಹೋಗಿ ತರಕಾರಿಯನ್ನು ತಾನೇ ಮುಟ್ಟಿ ಆರಿಸುವ ಸುಖ ತಪ್ಪಿತ್ತು. ನಾನು ತಂದ ಬದನೆಕಾಯಿಯಲ್ಲಿ ದಿನಕ್ಕೊಂದು ಹುಳುಕು. ತೆರಿಗೆ ವಿನಾಯಿತಿ, ಕಂಪನಿಯ ರಿಯಾಯಿತಿ ಎರಡೂ ಸೇರಿದರಷ್ಟೇ ಈ ಕಾರು ನನ್ನ ಪೆನ್ಷನ್ನಿಗೆ ಎಟುಕುತ್ತಿತ್ತು. ರಿಯಾಯಿತಿಗೆ ಅಂದೇ ಕೊನೆಯ ದಿನ. ನಾನು ಗೇಟಿನ ಅಗಲ ಅಳೆದಿದ್ದೆ, ಪ್ಲಗ್ ಪಾಯಿಂಟ್ ಹಾಕಿಸಿದ್ದೆ, ಸ್ಕೂಟರನ್ನೂ ಮಾರಿದ್ದೆ. ಪಂಚಾಂಗವೊಂದನ್ನು ನೋಡಿರಲಿಲ್ಲ.

ಕಾರು ಅವಳ ಹೆಸರಿನಲ್ಲಿತ್ತು. ಡೆಲಿವರಿ ಕಾಗದಕ್ಕೆ ಅವಳು ಸಹಿ ಹಾಕಲೊಲ್ಲಳು.

“ಆಷಾಢ. ನಾಳೆ ಅಮಾವಾಸ್ಯೆ, ಮೇಲೆ ಗ್ರಹಣ ಬೇರೆ. ಈಗ ಯಾರಾದ್ರೂ ಗಾಡಿ ಮನೆಗೆ ತರ್ತಾರಾ?”

“ಅಮ್ಮಾರ, ನಾಡಿದ್ದ ಬಂದ್ರ ಪೂರಾ ರೇಟ್ ಆಗ್ತದರೀ,” ಎಂದ ಸೇಲ್ಸ್‌ಮನ್.

“ಪೂರಾ ರೇಟ್ ಆದ್ರೆ ಬೇಡವೇ ಬೇಡ. ಬದನೆಕಾಯಿ ಇವರೇ ತರ್ಲಿ.”

“ಸ್ಕೂಟರ್ ಮಾರಿಬಿಟ್ಟಿದ್ದೀನಿ ಕಣೇ.”

“ಯಾರು ಹೇಳಿದ್ರು ಮಾರಕ್ಕೆ? ಎಲ್ಲದ್ರಲ್ಲೂ ಮುಂಚೆ ನೀವೇ.”

ಸೇಲ್ಸ್‌ಮನ್ ಕೊನೆಯ ಪ್ರಯತ್ನವೆಂಬಂತೆ ಕಾರಿನ ಗುಣಗಾನಕ್ಕೆ ನಿಂತ. “ಇಂಜಿನ್ ಇಲ್ಲರೀ, ಪೆಟ್ರೋಲ್ ಇಲ್ಲ, ಗೇರ್ ಇಲ್ಲ, ಸಪ್ಪಳ ಇಲ್ಲ. ಮನ್ಯಾಗ ಪ್ಲಗ್ ಹಾಕಿದ್ರ ಆತು.”

ಅವಳು ಕಾರಿನ ಸುತ್ತ ಒಂದು ಸುತ್ತು ಬಂದಳು. “ಫ್ರಿಜ್ಜಿಗೆ ಹಾಕೋ ಥರಾನಾ?”

“ಹೌದ್ರೀ. ಪ್ಲಗ್ ಸ್ವಲ್ಪ ದೊಡ್ಡದು, ಅಷ್ಟ.”

“ಏನ್ರೀ, ನಮ್ಮ ಫ್ರಿಜ್ಜು ತಂದಿದ್ದು ಆಷಾಢದಲ್ಲೇ ಅಲ್ವಾ?”

“ಹೌದು, ಆಷಾಢ ಸೇಲಿನಲ್ಲಿ. ಇವತ್ತಿಗೂ ತಣ್ಣಗಿದೆ,” ಎಂದೆ.

“ಹಾಗಾದ್ರೆ ಇದೂ ಕರೆಂಟ್ ಸಾಮಾನು. ಬಣ್ಣಾನೂ ಅದೇ. ಶನಿವಾರ ಶ್ರಾವಣ ಬರುತ್ತೆ, ನಿಂಬೆಹಣ್ಣಿಟ್ಟು ಪೂಜೆ ಮಾಡಿ ಆಮೇಲೆ ಕಾರು ಅನ್ನೋಣ. ಅಲ್ಲೀವರೆಗೂ ಓಡಿಸ್ಕೂಡದು.”

ಸಹಿ ಬಿತ್ತು. ನಾನು ಬೀಗದ ಕೈಗೆ ಕೈಚಾಚಿದೆ.

“ಫ್ರಿಜ್ಜನ್ನ ಓಡಿಸ್ಕೊಂಡು ಬಂದ್ರಾ ಅವತ್ತು?”

ಸರಿ, ಸೇಲ್ಸ್‌ಮನ್ನೂ ನಾನೂ ಹಿಂದೆ ನಿಂತು ತಳ್ಳಿದೆವು. “ಅಮ್ಮಾರ, ಚಕ್ರ ತಿರಗಾಕತ್ತಾವಲ್ರೀ,” ಎಂದ ಅವನು ಏದುಸಿರಿನಲ್ಲಿ.

“ಫ್ರಿಜ್ಜಿನ ಸ್ಟ್ಯಾಂಡಿಗೂ ಚಕ್ರ ಇದೆಯಪ್ಪ. ತಳ್ಳಿ.”

ಕಾಫಿ ಕುಡಿದು ಅವನು ಬಸ್ ಹಿಡಿದ. ನಾನು ಚೀಲ ಹಿಡಿದು ನಡೆದೇ ತರಕಾರಿಗೆ ಹೋದೆ. ಬದನೆಕಾಯಿಗೆ ಅಂದೂ ಪಾಸ್ ಮಾರ್ಕು ಸಿಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅವಳು ಕಾರಿನ ಬಳಿ ಬಂದು ಬಾಗಿಲು ತೆರೆದಳು. ಒಳಗೆ ದೀಪ ಹೊತ್ತಿಕೊಂಡಿತು. “ನೋಡಿ, ನಾನು ಹೇಳ್ಲಿಲ್ವಾ?” ಎಂದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ಒಳಗೆ ಕೂತಳು. ಸ್ವಲ್ಪ ಹೊತ್ತು ಏಳಲೇ ಇಲ್ಲ. ಇಳಿಯುವಾಗ ತರಕಾರಿಯ ಖಾಲಿ ಚೀಲವನ್ನು ಮಡಿಸಿ ಹಿಂದಿನ ಸೀಟಿನಲ್ಲಿಟ್ಟಳು.

“ಶನಿವಾರಕ್ಕೆ,” ಎಂದಳು.

ನಾನು ಪ್ಲಗ್ ಸಿಕ್ಕಿಸಿ, ಕೆಂಪು ದೀಪ ಉರಿದದ್ದನ್ನು ನೋಡಿ, ಗೇಟಿನ ಚಿಲಕ ಹಾಕಿದೆ.