ಹಾಲು ಒಲ್ಲದ ಅಕ್ಕ

ಕನ್ನಡಕವನ್ನು ಹಣೆಗೇರಿಸಿ, ಒಂದು ಕಣ್ಣು ಮುಚ್ಚಿ, ಬಿಸ್ಕೀಟಿನ ಪೊಟ್ಟಣವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಅಕ್ಕ ಅದರ ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದಳು. ಬೆಲೆ ನೋಡಿ ಹಿಂಜರಿಯುತ್ತಿದ್ದಾಳೆಂದು ತಿಳಿದು ಮಸ್ಕತ್ತಿನ ಆ ಅಂಗಡಿಯವನು ತಾನಾಗಿಯೇ ಕಡಿಮೆ ಮಾಡಲು ಬರುತ್ತಿದ್ದ. ಅಕ್ಕ ಹುಡುಕುತ್ತಿದ್ದುದು ಹಾಲಿನ ಪುಡಿಯನ್ನು. ಇದ್ದರೆ ಪೊಟ್ಟಣ ಮರಳಿ ಕಪಾಟಿಗೆ. ಮಾಂಸ, ಮೊಟ್ಟೆ ಅವಳಿಗೆ ಮೊದಲಿನಿಂದಲೂ ಇಲ್ಲ; ಅಲ್ಲಿಗೆ ಬಂದ ಮೇಲೆ ಹಾಲು, ಮೊಸರು, ಬೆಣ್ಣೆ, ತುಪ್ಪವನ್ನೂ ಬಿಟ್ಟಿದ್ದಳು.

ಅವಳು ಕಾಳಗಿಯವಳು, ನಾನು ಶಹಾಬಾದಿನವಳು. ಒಂದೇ ಆಸ್ಪತ್ರೆಯಲ್ಲಿ ನರ್ಸುಗಳು, ಇದ್ದುದು ಒಂದೇ ಕೋಣೆಯಲ್ಲಿ. ರಕ್ತಸಂಬಂಧವೇನಿಲ್ಲ, ಹಿರಿಯಳೆಂದು ಅಕ್ಕ ಎಂದೆ. ಮೊದಲ ತಿಂಗಳು ಊರಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದ ನನ್ನನ್ನು ಅಲ್ಲಿ ನಿಲ್ಲಿಸಿದವಳು ಅವಳೇ. ಶುಕ್ರವಾರ ರೊಟ್ಟಿ ಬಡಿಯುತ್ತಿದ್ದಳು. ಮೊದಲ ಸಲ ಆ ಸದ್ದಿಗೆ ಕೆಳಗಿನ ಮನೆಯವರು ಏನಾಯಿತೆಂದು ನೋಡಲು ಬಂದಿದ್ದರು. ಕಡಲೆ, ಎಳ್ಳು ಅರೆದು ಅಲ್ಲಿಯವರು ಮಾಡುವ ಹಮ್ಮುಸ್ಸಿಗೆ "ಅರಬರ ಹಿಂಡಿ" ಎಂದು ನಮ್ಮ ಕಡೆಯ ಚಟ್ನಿಯ ಹೆಸರಿಟ್ಟು ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದಳು. ವಾರ್ಡಿನಲ್ಲಿ ಯಾರಾದರೂ ಕೇಕು ಕೊಟ್ಟರೆ ಬೇಡವೆನ್ನದೆ ತೆಗೆದುಕೊಂಡು ನಗುತ್ತಲೇ ನನ್ನ ತಟ್ಟೆಗೆ ದಾಟಿಸುತ್ತಿದ್ದಳು. ಅದರಿಂದ ದಪ್ಪಗಾದವಳು ನಾನು. ಉಪದೇಶ ಅವಳಿಗೆ ಬಾರದು. ನನಗೆ ಕೆನೆಹಾಲಿನ ಚಹಾ ಅವಳೇ ಮಾಡಿಕೊಡುತ್ತಿದ್ದಳು. ಯಾರಾದರೂ ಕೆದಕಿದರೆ, "ನಾ ಒಲ್ಲೆ ಅಂದೀನಿ, ನಿಮಗ ಬ್ಯಾಡ ಅಂದಿಲ್ಲಲ್ರಿ" ಎಂದು ಮುಗಿಸಿಬಿಡುತ್ತಿದ್ದಳು.

ಕಾರಣವನ್ನು ನನಗೊಮ್ಮೆ ಹೇಳಿದಳು. ಮನೆಯ ಎಮ್ಮೆಯ ಕರು ಸತ್ತಾಗ ಅದರ ಚರ್ಮ ಒಣಗಿಸಿ, ಒಳಗೆ ಹುಲ್ಲು ತುಂಬಿ, ಅವಳ ಅವ್ವ ಕೈಯಾರೆ ಹೊಲಿದಿದ್ದರು. ದಿನಾ ಬೆಳಗ್ಗೆ ಅದನ್ನು ಹೊತ್ತು ತಂದು ಎಮ್ಮೆಯ ಮುಂದಿಡುವುದು ಆಗ ಸಣ್ಣವಳಾಗಿದ್ದ ಅಕ್ಕನ ಕೆಲಸ. ಎಮ್ಮೆ ಅದನ್ನು ನೆಕ್ಕುತ್ತ ಹಾಲು ಬಿಡುತ್ತಿತ್ತು. ಆಗ ಅವಳಿಗೇನೂ ಅನಿಸಿರಲಿಲ್ಲ. ಎಷ್ಟೋ ವರ್ಷದ ಮೇಲೆ ಮಸ್ಕತ್ತಿನ ಹೆರಿಗೆ ವಾರ್ಡಿನಲ್ಲಿ, ಕೂಸು ಕಳೆದುಕೊಂಡ ತಾಯಿಯೊಬ್ಬಳ ಅಂಗಿ ಎದೆಹಾಲಿನಿಂದ ತೊಯ್ದಿತ್ತು. ಅದನ್ನು ಬದಲಿಸಿದವಳು ಅಕ್ಕ. ಕೋಣೆಗೆ ಬಂದು ಚಹಾ ಕುಡಿಯಲು ಕೂತರೆ ಹಾಲಿನ ವಾಸನೆಗೆ ಆ ಎಮ್ಮೆ ನೆನಪಾಗಿ ಲೋಟ ಕೆಳಗಿಟ್ಟಳಂತೆ.

ಇದನ್ನು ಅವಳು ಅವ್ವನಿಗೆ ಹೇಳಿರಲಿಲ್ಲ. ಹಾಲು ಮಾರಿಯೇ ಮಗಳನ್ನು ನರ್ಸಿಂಗ್ ಓದಿಸಿದವರು ಅವರು. ರಜೆಗೆ ಹೋದಾಗ ರೊಟ್ಟಿಯ ಮೇಲಿಟ್ಟ ಬೆಣ್ಣೆಯನ್ನು ಅಕ್ಕ ಸರಿಸಿದ್ದೇ ತಡ, ಪರದೇಶ ಕಂಡವಳಿಗೆ ಹೆತ್ತವಳ ಮನೆಯ ಹೈನು ಹೇಸಿಗೆಯಾಯಿತೇ ಎಂದು ಅವ್ವ ಎದ್ದು ಹೋದರು. ಅಂದಿನಿಂದ ಮಾತು ಬಿಟ್ಟರು. ಅಕ್ಕ ವಾರವಾರವೂ ಫೋನ್ ಮಾಡುತ್ತಿದ್ದಳು, ಅವ್ವ ಅದನ್ನು ಸೊಸೆಯ ಕೈಗೆ ಕೊಡುತ್ತಿದ್ದರು. ಕಾರಣ ಹೇಳಿಬಿಡು ಎಂದು ನಾನು ಎಷ್ಟೋ ಸಲ ಅಂದೆ.

"ಹೆಂಗ ಹೇಳ್ಲಿ ತಂಗಿ? ಆ ಕರ ಹೊಲ್ದಾಕಿ ಅವ್ವನೇ. ಅಕಿಗಿ ಭಾಳ ನೋವಾಗ್ತದ."

ಇವತ್ತಲ್ಲ ನಾಳೆ ಅವ್ವ ಮಾತಾಡಿಯಾರೆಂದು ಕಾದಳು. ಹೋದ ವರ್ಷ ಡ್ಯೂಟಿಯಲ್ಲೇ ಮಿದುಳಿನ ರಕ್ತನಾಳ ಒಡೆದು ತೀರಿಕೊಂಡಳು. ಪೆಟ್ಟಿಗೆಯ ಜೊತೆ ಕಾಳಗಿಗೆ ನಾನೇ ಬಂದೆ. ಹಾಲು, ತುಪ್ಪ ಬಿಟ್ಟಿದ್ದಕ್ಕೇ ಹೀಗಾಯಿತೆಂದು ಅಂಗಳದಲ್ಲಿ ಕೂತವರು ತೀರ್ಮಾನ ಮಾಡಿದ್ದರು. ರಕ್ತನಾಳಕ್ಕೂ ಮಜ್ಜಿಗೆಗೂ ಸಂಬಂಧವಿಲ್ಲ ಎಂದು ಒಂದು ಸಲ ಹೇಳಿ ನೋಡಿದೆ. ಮಣ್ಣು ಮಾಡಿದ ಮರುದಿನ ಅವ್ವ ನನ್ನನ್ನು ಒಳಗೆ ಕರೆದು, ಮಗಳು ಹಾಲು ಬಿಟ್ಟಿದ್ದು ಯಾಕೆ, ನಿನಗೇನಾದರೂ ಹೇಳಿದ್ದಳೇ ಎಂದು ಕೇಳಿದರು. ಅಕ್ಕ ಮುಚ್ಚಿಟ್ಟಿದ್ದನ್ನು ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಿದೆ.

ಮೂರನೆಯ ದಿನ ಸಮಾಧಿಗೆ ಹಾಲು-ತುಪ್ಪ ಎರೆಯುವುದು ಅವರ ಪದ್ಧತಿ. ಎಮ್ಮೆಯ ಹಾಲಿನ ತಂಬಿಗೆ ಅಕ್ಕನ ದೊಡ್ಡಪ್ಪನ ಕೈಯಲ್ಲಿತ್ತು. ಅವ್ವ ಅದನ್ನು ಕೆಳಗಿಡಿಸಿದರು. ಪದ್ಧತಿ ಮುರಿಯಬಾರದೆಂದು ದೊಡ್ಡಪ್ಪ ಗದರಿದರು.

"ಅಕಿ ಒಲ್ಲೆ ಅಂದಾಳ," ಎಂದ ಅವ್ವ, ಸೆರಗಿನ ಮರೆಯಿಂದ ಇನ್ನೊಂದು ತಂಬಿಗೆ ತೆಗೆದರು. ಅದರಲ್ಲಿದ್ದುದು ಕುಸುಬಿ ಹಾಲು. ಕುಸುಬಿ ಕಾಳು ನೆನೆಸಿ, ಅರೆದು, ಬಟ್ಟೆಯಲ್ಲಿ ಹಿಂಡಿ ತೆಗೆಯುವ ಆ ಬಿಳಿ ಹಾಲಿನಲ್ಲಿ ನಮ್ಮ ಕಡೆ ಹುಗ್ಗಿ ಮಾಡುತ್ತಾರೆ. ಹಾಲಿಲ್ಲದ ತಿನಿಸು ಹುಡುಕುತ್ತ ಮಸ್ಕತ್ತಿನಲ್ಲಿ ಅಂಗಡಿ ಅಂಗಡಿ ತಿರುಗಿದ ನಮ್ಮಿಬ್ಬರಿಗೂ ಅದು ನೆನಪಾಗಿರಲಿಲ್ಲ.

ಅವ್ವ ಮೊಣಕಾಲೂರಿ ಕೂತು ಹಸಿಮಣ್ಣಿನ ಮೇಲೆ ನಿಧಾನವಾಗಿ ಎರೆದರು. ಮಗಳ ಜೊತೆ ಬಿಟ್ಟಿದ್ದ ಮಾತನ್ನು ಅಲ್ಲಿ ಆಡಿದರು.

"ಕುಡಿ ನನ್ನವ್ವಾ. ಇದಕ್ಕ ಕರ ಬೇಕಾಗಿಲ್ಲ."