ಅಕ್ಕನ ಮಂಡಿಯ ದುಡ್ಡು

ಹೋದ ವಾರ ಪೊನ್ನಂಪೇಟೆ ಕಡೆ ಹೋಗಿದ್ದಾಗ ಯಾವುದೋ ಮನೆಯ ಹಿಂದೆ ಹಂದಿಗೆ ಕೆಸುವಿನ ಸೊಪ್ಪು, ತೌಡು ಬೇಯುತ್ತಿತ್ತು. ಜೊತೆಗಿದ್ದವರು ಮೂಗು ಮುಚ್ಚಿಕೊಂಡರು. ನನಗೆ ಗಾಳಿಬೀಡಿನ ನಮ್ಮ ಪಕ್ಕದ ಮನೆಯ ಅಕ್ಕ ನೆನಪಾದರು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಗಂಡ ತೀರಿಕೊಂಡ ಮೇಲೆ ಹಂದಿ ಸಾಕಿಯೇ ಮಗಳ ಮದುವೆ ಮಾಡಿದವರು ಅವರು. ಬಾಯಿ ಸ್ವಲ್ಪ ಜೋರು. ನನ್ನ ಹೋಂಸ್ಟೇಗೆ ಬಂದವರು ಅವರ ಹಂದಿಗೂಡಿನ ಫೋಟೊ ತೆಗೆದರೆ, “ಅದ್ಕೂ ಬಾಡಿಗೆ ತಕ್ಕೋ ತಮ್ಮಾ” ಎಂದು ನಗುತ್ತಿದ್ದರು.

ಹಾಸಿಗೆ ಇದ್ದಷ್ಟು ಕಾಲು ಚಾಚುವ ಜಾಯಮಾನ ನನ್ನದಲ್ಲ. ಸಾಲದ ಮೇಲೆ ಸಾಲ ಮಾಡಿ ಇನ್ನಷ್ಟು ಕೋಣೆ ಕಟ್ಟಲು ಹೊರಟೆ. ಸಿಮೆಂಟಿಗೆ ದುಡ್ಡು ಸಾಲದೆ ಒದ್ದಾಡುವಾಗ ಅಕ್ಕ ತಾವಾಗಿಯೇ ತಂದುಕೊಟ್ಟರು. ಮಂಡಿಯ ಆಪರೇಷನ್ನಿಗೆಂದು ಹಂದಿ ಮಾರಿ ಕೂಡಿಟ್ಟಿದ್ದ ದುಡ್ಡು. “ಮಂಡಿ ಎಲ್ಲಿಗೂ ಓಡಿಹೋಗುದಿಲ್ಲೆ. ಮುಂದಿನ ವರ್ಷ ಮಾಡ್ಸಿರೆ ಆತ್” ಅಂದರು.

ಆ ಮಳೆಗಾಲ ಗುಡ್ಡಗಳು ಜಾರಿದವು. ಪ್ರವಾಸಿಗರು ಬರುವುದು ನಿಂತಿತು, ಸಾಲ ಕೊಟ್ಟವರು ಬರುವುದು ಶುರುವಾಯಿತು. ಮಡಿಕೇರಿಯ ವಕೀಲರೊಬ್ಬರ ಮಾತಿನಂತೆ ದಿವಾಳಿ ಅರ್ಜಿ ಹಾಕಿದೆ. ಸಾಲ ಕೊಟ್ಟವರೆಲ್ಲರ ಹೆಸರೂ ಬರೆಯಬೇಕಿತ್ತು, ಅಕ್ಕನದೂ ಬರೆದೆ. ಕೋರ್ಟಿನ ನೋಟಿಸು ಬಂದಾಗ ಓದು ಬಾರದ ಅವರು ಅದನ್ನು ಓದಿಸಲು ತಂದದ್ದು ನನ್ನ ಹತ್ತಿರವೇ... ನನ್ನಿಂದಲೇ ಹೋದ ಕಾಗದವನ್ನು ತಡವರಿಸುತ್ತಾ ಓದಿದೆ.

“ನೀನ್ ಕಳ್ಸಿದ್ದಾ? ಹಂಗಾರೆ ಎಂತ ಹೆದ್ರಿಕೆ!” ಎಂದು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರು.

ಕೋರ್ಟು ಕೇಳಿದ ದಾಖಲೆಗಳನ್ನು ನಾನು ಕೊಡಲಿಲ್ಲ, ವಾಯಿದೆಗೂ ತಪ್ಪಿಸಿಕೊಂಡೆ. ಅರ್ಜಿ ವಜಾ ಆಯಿತು. ವಜಾ ಎಂದರೆ ಮನ್ನಾ ಅಲ್ಲ, ಎಲ್ಲರ ಬಾಕಿಯೂ ಮೊದಲಿನಂತೆಯೇ ಇರುತ್ತದೆ, ಇನ್ನು ಯಾರು ಬೇಕಾದರೂ ವಸೂಲಿಗೆ ಬರಬಹುದು ಎಂದು ವಕೀಲರು ಬಿಡಿಸಿ ಹೇಳಿದರು. ಆ ಸಂಜೆ ಎಲ್ಲರಿಗಿಂತ ಮೊದಲು ಬಂದವರು ಅಕ್ಕ.

“ಕೋರ್ಟಲ್ಲಿ ಎಲ್ಲ ಮುಗ್ತಂತಲ್ಲ ತಮ್ಮಾ! ನನ್ನ ದುಡ್ಡೂ ಅದ್ರಲ್ಲೇ ಹೋತ್, ಹೋಗ್ಲಿ. ನಿನ್ನ ಮನೆ ಉಳ್ತಲ್ಲ.” ಮುಖದ ತುಂಬ ಸಂತೋಷ.

ಇಲ್ಲ ಅಕ್ಕಾ, ನಿಮ್ಮ ದುಡ್ಡು ಹೋಗಿಲ್ಲ, ನಾನು ಕೊಡಲೇಬೇಕು... ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಒಬ್ಬರಾದರೂ ಕಡಿಮೆಯಾದರಲ್ಲ ಎಂದು ಒಳಗೊಳಗೇ ಹಗುರಾದೆ, ಥೂ! ಹೆಂಡತಿ ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು.

ಬ್ಯಾಂಕಿನವರು, ಸಿಮೆಂಟಿನ ಅಂಗಡಿಯವರು ಬಂದು ಗಲಾಟೆ ಮಾಡಿದರು. ದೊಡ್ಡ ಸಾಲಕ್ಕೆ ಬೇರೆ ಕಾನೂನು ಇರಬೇಕೆಂದು ಅಕ್ಕ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಾನು ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸಕ್ಕೆ ಸೇರಿ, ಕೂಗಾಡಿದವರಿಗೆಲ್ಲ ಕಂತು ಕಟ್ಟಿದೆ. ಮೆತ್ತಗೆ ಕಂಡರೆ ಮತ್ತೊಂದು ಗುದ್ದು ಅನ್ನುತ್ತಾರಲ್ಲ, ಹಾಗೆ ಅಕ್ಕನ ಸರದಿ ಬರಲೇ ಇಲ್ಲ. ಅವರು ಕಾಲೆಳೆಯುತ್ತಾ ಹಂದಿಗೂಡಿಗೆ ಬಕೆಟ್ ಹೊರುತ್ತಿದ್ದರು. ಒಂದೆರಡು ಸಲ ನಾನೇ ಹೊತ್ತುಕೊಟ್ಟು ಒಳ್ಳೆಯವನೂ ಅನ್ನಿಸಿಕೊಂಡೆ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು.

ಪೊನ್ನಂಪೇಟೆಯಿಂದ ಬಂದ ಮರುದಿನವೇ ದುಡ್ಡು ಹೊಂದಿಸಿಕೊಂಡು ಹಾರಂಗಿ ಹತ್ತಿರದ ಅವರ ಮಗಳ ಮನೆಗೆ ಹೋದೆ. “ಬನ್ನಿ ಮಾವ, ಕೂತ್ಕೊಳ್ಳಿ ಮಾವ” ಎಂದು ಉಪಚರಿಸಿದಳು. ಇದು ನಿಮ್ಮ ಅವ್ವನ ದುಡ್ಡು ಎಂದು ಮುಂದಿಟ್ಟೆ.

“ಅದು ಕೋರ್ಟಲ್ಲೇ ಮುಗ್ದಿತ್ತಲ್ಲ ಮಾವ? ನಿಮ್ಮ ಮನೆ ಉಳ್ಸಿದ್ದಕ್ಕೆ ಅವ್ವ ಆ ಜಡ್ಜಿಗೂ ಸೇರ್ಸಿ ದಿನಾ ದೀಪ ಹಚ್ತಿದ್ರ್.”

“ಮುಗ್ದಿರ್ಲಿಲ್ಲ” ಅಂದೆ.

“ನಿಮಗೆ ಯಾವಾಗ ಗೊತ್ತಾತ್?”

“ಆವತ್ತೇ.”

ಅಕ್ಕನಿಗೆ ಹೇಳಬೇಕಾಗಿದ್ದನ್ನು ಕೊನೆಗೂ ಹೇಳಿದ್ದೆ, ಕೇಳಬೇಕಾದವರು ಇರಲಿಲ್ಲ. ಬರುತ್ತೇನಮ್ಮಾ ಎಂದು ಎದ್ದೆ.

“ಸರಿ” ಅಂದಳು. ಮಾವ ಅನ್ನಲಿಲ್ಲ.